ಇಪ್ಪತ್ತೆಂಟು ಮಾತ್ರೆಗಳು

2024ರ ಜುಲೈ 21, ಭಾನುವಾರ ನಸುಕಿನ 2 ಗಂಟೆ 25 ನಿಮಿಷಕ್ಕೆ ನನ್ನ ಎಡಗೈಯ ತೋರುಬೆರಳಿಗೆ ಸೂಜಿ ಚುಚ್ಚಿತು. ಗಳಿಗೆಯನ್ನು ಇಷ್ಟು ಖಚಿತವಾಗಿ ಹೇಳಲು ಸಾಧ್ಯವಾಗಿರುವುದು ನೆನಪಿನ ಬಲದಿಂದಲ್ಲ. ಆಮೇಲೆ ನಾನು ತುಂಬಬೇಕಾಗಿ ಬಂದ ನಮೂನೆಯ ಮೊದಲ ಅಂಕಣವೇ ‘ಗಾಯವಾದ ಸಮಯ’ ಎಂದಿತ್ತು.

ಮಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಪುರುಷರ ಮೆಡಿಸಿನ್ ವಾರ್ಡಿನಲ್ಲಿ ಅಂದು ನನ್ನದು ನೈಟ್ ಡ್ಯೂಟಿ. ಆಟಿ ತಿಂಗಳು ಹುಟ್ಟಿ ನಾಲ್ಕೈದು ದಿನ ಕಳೆದಿತ್ತಷ್ಟೆ. ನಮ್ಮ ಕರಾವಳಿಯಲ್ಲಿ ಆಟಿಯೆಂದರೆ ಮಳೆಯ ಕಾಲ ಮಾತ್ರವಲ್ಲ, ಜ್ವರದ ಕಾಲವೂ ಹೌದು. ಡೆಂಗಿ, ಮಲೇರಿಯಾ, ಇಲಿಜ್ವರ ಮೂರೂ ಒಟ್ಟಾಗಿ ಬಂದು ವಾರ್ಡಿನ 32 ಹಾಸಿಗೆಗಳು ತುಂಬಿ, ಕಾರಿಡಾರಿನಲ್ಲಿ ಇನ್ನೂ ನಾಲ್ಕು ಮಂಚ ಹಾಕಿದ್ದರು. ಮೂವರು ಸ್ಟಾಫ್ ಇರಬೇಕಾದಲ್ಲಿ ಒಬ್ಬಳನ್ನು ಐ.ಸಿ.ಯು.ಗೆ ಕಳುಹಿಸಿದ್ದರಿಂದ ಉಳಿದವರು ನಾವಿಬ್ಬರು. ಪ್ಲೇಟ್‌ಲೆಟ್ ಇಳಿದವರ ರಕ್ತದೊತ್ತಡವನ್ನು ಗಂಟೆಗೊಮ್ಮೆ ನೋಡಬೇಕು, ಒಬ್ಬರಿಗೆ ರಕ್ತ ಏರಿಸುತ್ತಿದ್ದೆವು, ಮತ್ತೊಬ್ಬರ ಕಡೆಯವರು ಡ್ರಿಪ್ ಖಾಲಿಯಾಗಿದೆಯೆಂದು ನಾಲ್ಕನೆಯ ಸಲ ಬಂದು ಗದರಿಸಿ ಹೋಗಿದ್ದರು.

ಆಗ ಬಂದ ರೋಗಿಗೆ ಐ.ವಿ. ಹಾಕಬೇಕಿತ್ತು. ಅವರ ವಯಸ್ಸು, ಊರು, ಉದ್ಯೋಗ ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ನನ್ನ ಕಥೆ ಹೇಳುವ ಹಕ್ಕು ನನಗಿದೆ, ಅವರದ್ದನ್ನು ಹೇಳುವ ಹಕ್ಕಿಲ್ಲ. ರಕ್ತನಾಳ ಮೊದಲ ಪ್ರಯತ್ನಕ್ಕೇ ಸಿಕ್ಕಿತು. ಕ್ಯಾನುಲಾ ಎಂಬ ಸಣ್ಣ ಪ್ಲಾಸ್ಟಿಕ್ ಕೊಳವೆಯನ್ನು ಒಳಗೆ ಸರಿಸಿ ಸೂಜಿಯನ್ನು ಹೊರಗೆಳೆದು ನೋಡಿದರೆ, ಸೂಜಿ ಹಾಕುವ ಬಿಳಿ ಡಬ್ಬ ಕುತ್ತಿಗೆಯವರೆಗೆ ತುಂಬಿ ನಿಂತಿದೆ. ಮುಕ್ಕಾಲು ತುಂಬಿದೊಡನೆ ಅದನ್ನು ಬದಲಿಸಬೇಕೆಂಬ ಪಾಠವನ್ನು ಹೊಸ ಹುಡುಗಿಯರಿಗೆ ಹೇಳಿಕೊಡುವವಳೇ ನಾನು. ಸೂಜಿಯನ್ನು ಬಲಗೈಯಲ್ಲಿ ಹಿಡಿದುಕೊಂಡೇ ಎಡಗೈಯಿಂದ ಪ್ಲಾಸ್ಟರಿಗೆ ತಡಕಾಡುತ್ತಿದ್ದಾಗ ರೋಗಿ ಚಳಿಗೆ ನಡುಗಿ ಕೈ ಕೊಡವಿದರು. ನೋವೇನೂ ಆಗಲಿಲ್ಲ. ಕೈಗವಸಿನ ಒಳಗೆ, ಬೆರಳಿನ ಪಕ್ಕದಲ್ಲಿ, ಸಾಸಿವೆ ಕಾಳಿನಷ್ಟು ಕೆಂಪು ಕಾಣಿಸಿತು.

ಆ ಕ್ಷಣದಲ್ಲಿ ನನಗೆ ಬಂದ ಮೊದಲ ಯೋಚನೆ ಎಚ್.ಐ.ವಿ.ಯದ್ದೂ ಅಲ್ಲ, ಹೆಪಟೈಟಿಸ್‌ನದ್ದೂ ಅಲ್ಲ. ಯಾರಾದರೂ ನೋಡಿದರೇ ಎಂದು ಸುತ್ತಲೂ ಕಣ್ಣಾಡಿಸಿದೆ. ಈ ಬರಹವನ್ನು ಬರೆಯಲು ಕೂತದ್ದು ಆ ಕಣ್ಣಾಡಿಸುವಿಕೆಯ ಕಾರಣದಿಂದಲೇ.

ಏಕೆಂದರೆ ಅದು ಮೊದಲ ಸಲವಾಗಿರಲಿಲ್ಲ. 2010ರಲ್ಲಿ, ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಹೀಗೆ ಚುಚ್ಚಿಸಿಕೊಂಡಿದ್ದೆ. ಆಗ ನನ್ನ ಸರ್ಟಿಫಿಕೇಟುಗಳು, ಇಂತಿಷ್ಟು ಕಾಲ ಕೆಲಸ ಬಿಡುವುದಿಲ್ಲವೆಂದು ಬರೆದುಕೊಟ್ಟ ಬಾಂಡಿನ ಹೆಸರಿನಲ್ಲಿ, ಬೇರೆಯವರ ಕಪಾಟಿನಲ್ಲಿದ್ದವು, ಬಾಂಡ್ ಮುಗಿದ ಮೇಲೆ ಗಲ್ಫಿಗೆ ಹೋಗುವ ಆಸೆಯಿತ್ತು, ಗಲ್ಫಿನ ಮೆಡಿಕಲ್‌ನಲ್ಲಿ ರಕ್ತ ಪರೀಕ್ಷೆ ಕಡ್ಡಾಯವೆಂದು ಗೊತ್ತಿತ್ತು. ಬೆರಳನ್ನು ಹಿಂಡಿ ರಕ್ತ ತೆಗೆದು, ಸ್ಪಿರಿಟ್ ಸುರಿದುಕೊಂಡು, ಯಾರಿಗೂ ಹೇಳದೆ ಮುಚ್ಚಿಟ್ಟೆ. ಆ ರೋಗಿ ಯಾರು, ಅವರ ವರದಿ ಏನು ಎಂದು ನೋಡುವ ಧೈರ್ಯವೂ ಇರಲಿಲ್ಲ. ಮುಂದಿನ ಒಂದು ವರ್ಷ ಪ್ರತಿ ಶೀತಕ್ಕೂ, ಪ್ರತಿ ಕೆಮ್ಮಿಗೂ ನಡುಗಿದೆ. ಕೊನೆಗೆ ಗಲ್ಫಿಗೂ ಹೋಗಲಿಲ್ಲ. ಮೆಡಿಕಲ್‌ಗೆ ಹೆದರಿಯೇ ಹೋಗಲಿಲ್ಲ ಎಂಬುದನ್ನು ಮನೆಯವರಿಗೆ ಹೇಳಿದ್ದು ತೀರ ಈಚೆಗೆ.

ಹದಿನಾಲ್ಕು ವರ್ಷಗಳ ಮೇಲೆ ಮತ್ತೆ ಅದೇ ನಲ್ಲಿಯ ಮುಂದೆ ನಿಂತಂತಾಗಿತ್ತು. ಈ ಸಲ ಹಿಂಡಲಿಲ್ಲ, ಬಾಯಿಗೆ ಇಡಲಿಲ್ಲ, ಸ್ಪಿರಿಟ್ ಹಾಕಲಿಲ್ಲ. ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯುತ್ತಾ ನಿಂತೆ. ಹಿಂಡಿದರೆ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ, ಸುತ್ತಲಿನ ಅಂಗಾಂಶಕ್ಕೆ ಪೆಟ್ಟಾಗುತ್ತದೆ ಅಷ್ಟೆ. ಜೊತೆಗಿದ್ದ ಹುಡುಗಿ ಬಂದು “ದಾದ ಆಂಡ್ ಅಕ್ಕ?” ಎಂದು, ಏನಾಯಿತೆಂದು ತುಳುವಿನಲ್ಲಿ ಕೇಳಿದಳು. “ಏನಿಲ್ಲ” ಎಂದೆ. ಅವಳು ತಿರುಗಿ ಹೋಗುವಷ್ಟರಲ್ಲಿ ನನ್ನ ಬಾಯಿಂದಲೇ “ಚುಚ್ಚಿತು” ಎಂಬ ಮಾತು ಬಂತು. ಆ ಒಂದು ಮಾತು ಹೊರಬೀಳಲು ಹದಿನಾಲ್ಕು ವರ್ಷ ಹಿಡಿಯಿತು ಎಂದರೆ ಉತ್ಪ್ರೇಕ್ಷೆಯಾಗಲಾರದು.

ಮುಂದಿನದ್ದು ಬೇಗಬೇಗ ನಡೆಯಿತು. ಇನ್‌ಚಾರ್ಜ್ ಅವರಿಗೆ ಫೋನ್ ಮಾಡಿದಾಗ ಬಂದ ಮೊದಲ ಪ್ರಶ್ನೆ “ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಲು ಹೋದಿರಾ?” ಎಂಬುದು. ಗಾಯಗೊಂಡವಳನ್ನು ಮೊದಲು ಆರೋಪಿಯಾಗಿ ನೋಡುವುದು ನಮ್ಮ ವೃತ್ತಿಯ ಹಳೆಯ ಚಾಳಿ. ನಾನೂ ಇನ್‌ಚಾರ್ಜ್ ರಜೆಯಲ್ಲಿದ್ದಾಗ ಆ ಕುರ್ಚಿಯಲ್ಲಿ ಕೂತು ಅದನ್ನೇ ಕೇಳಿದ್ದೇನೆ, ಹಾಗಾಗಿ ದೂರುವ ಬಾಯಿ ನನಗೂ ಪೂರ್ತಿಯಾಗಿ ಇಲ್ಲ. ಕ್ಯಾಶುವಾಲ್ಟಿಯ ವೈದ್ಯರು ಮಾತ್ರ ಕುಳ್ಳಿರಿಸಿ, ಒಂದು ಲೋಟ ನೀರು ಕೊಟ್ಟು, ಆಮೇಲೆ ಮಾತನಾಡಿದರು. ರೋಗಿಗೆ ಎಚ್ಚರವಿದ್ದುದರಿಂದ ನಡೆದದ್ದನ್ನು ತಿಳಿಸಿ, ಅವರ ಒಪ್ಪಿಗೆ ಪಡೆದು ರಕ್ತ ತೆಗೆದರು. 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಆ ಪರೀಕ್ಷೆ ಮಾಡುವಂತಿಲ್ಲ. ಸಿಬ್ಬಂದಿಗೆ ಸೋಂಕಿನ ಅಪಾಯವಿರುವ ಕಡೆ ಸುರಕ್ಷತಾ ಸಾಮಗ್ರಿಯನ್ನೂ, ಚುಚ್ಚಿದ ಮೇಲಿನ ಔಷಧವನ್ನೂ ಒದಗಿಸುವ ಹೊಣೆ ಸಂಸ್ಥೆಯದು ಎಂಬುದೂ ಅದೇ ಕಾಯ್ದೆಯಲ್ಲಿದೆ ಎಂದು ನನಗೆ ತಿಳಿದದ್ದು ಮರುದಿನ, ಇನ್‌ಫೆಕ್ಷನ್ ಕಂಟ್ರೋಲ್ ಸಿಸ್ಟರ್ ಹೇಳಿದ ಮೇಲೆ.

ರೋಗಿಯ ಎಚ್.ಐ.ವಿ. ತ್ವರಿತ ಪರೀಕ್ಷೆ ರಿಯಾಕ್ಟಿವ್, ಅಂದರೆ ಸೋಂಕು ಇರಬಹುದು, ಎಂದು ಬಂತು. ಅವರಿಗೂ ಅದು ಅದೇ ರಾತ್ರಿ ಗೊತ್ತಾದ ಸಂಗತಿ. ದೃಢೀಕರಣದ ಪರೀಕ್ಷೆಗಳು ಇನ್ನೂ ಆಗಬೇಕಿದ್ದವು, ಆದರೆ ಸೋಂಕು ತಗಲದಂತೆ ನನಗೆ ಕೊಡಬೇಕಾದ ಔಷಧ ಅವುಗಳಿಗಾಗಿ ಕಾಯುವುದಿಲ್ಲ. ಸಾಧ್ಯವಾದರೆ ಎರಡು ಗಂಟೆಯೊಳಗೆ ಮೊದಲ ಮಾತ್ರೆ ಹೊಟ್ಟೆ ಸೇರಬೇಕು, 72 ಗಂಟೆ ದಾಟಿದರೆ ಕೊಟ್ಟು ಪ್ರಯೋಜನವಿಲ್ಲ. 3 ಗಂಟೆ 35 ನಿಮಿಷಕ್ಕೆ ನನ್ನ ಅಂಗೈಯ ಮೇಲೆ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದು ಮಾತ್ರೆ ಇತ್ತು. ದಿನಕ್ಕೊಂದರಂತೆ ಇಪ್ಪತ್ತೆಂಟು ದಿನ. ಅದಕ್ಕೆ ಮೊದಲು ನನ್ನ ರಕ್ತವನ್ನೂ ತೆಗೆದುಕೊಂಡರು: ಎಚ್.ಐ.ವಿ., ಹೆಪಟೈಟಿಸ್ ಬಿ, ಸಿ, ಮತ್ತು ಮೂತ್ರಪಿಂಡದ ಸ್ಥಿತಿ ನೋಡಲು ಕ್ರಿಯಾಟಿನಿನ್. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸುಗಳನ್ನು ವಿದ್ಯಾರ್ಥಿನಿಯಾಗಿದ್ದಾಗಲೇ ತೆಗೆದುಕೊಂಡಿದ್ದೆ, ಆಂಟಿಬಾಡಿ ಸಾಕಷ್ಟಿತ್ತು. ಆ ಬಾಗಿಲು ಮುಚ್ಚಿತು.

“ಇಂಥ ಚುಚ್ಚಿನಿಂದ ಎಚ್.ಐ.ವಿ. ತಗಲುವ ಸಾಧ್ಯತೆ ಔಷಧವಿಲ್ಲದಿದ್ದರೂ ಸಾವಿರಕ್ಕೆ ಸುಮಾರು ಮೂರು, ಔಷಧ ತೆಗೆದುಕೊಂಡರೆ ಅದಕ್ಕಿಂತ ಬಹಳ ಕಡಿಮೆ” ಎಂದು ವೈದ್ಯರು ಹೇಳಿದರು. ಈ ಅಂಕಿಯನ್ನು ನಾನು ಪರೀಕ್ಷೆಗಳಲ್ಲಿ ಬರೆದವಳು, ತರಬೇತಿಗಳಲ್ಲಿ ಹೇಳಿದವಳು. ಆದರೆ ಸರದಿ ನಮ್ಮದಾದಾಗ ಮನಸ್ಸು ಉಳಿದ 997 ಜನರನ್ನು ಬಿಟ್ಟು ಆ ಮೂವರ ಸಾಲಿನಲ್ಲೇ ಹೋಗಿ ನಿಲ್ಲುತ್ತದೆ.

ಬೆಳಿಗ್ಗೆ ಡ್ಯೂಟಿ ಮುಗಿಸಿ ಉಡುಪಿಯ ಎಕ್ಸ್‌ಪ್ರೆಸ್ ಬಸ್ಸು ಹತ್ತಿ ಕಿಟಕಿಯ ಬಳಿ ಕೂತೆ. ಸುರತ್ಕಲ್ ದಾಟಿದ್ದು ಗೊತ್ತಾಗಲಿಲ್ಲ, ಮೂಲ್ಕಿಯಲ್ಲಿ ಕಂಡಕ್ಟರ್ ಎರಡು ಸಲ ಕೂಗಿದ ಮೇಲೆ ಇಳಿದೆ. ಗಂಡನಿಗೆ ಅಂದೇ ಹೇಳಿದೆ. ಹೇಳಲೇಬೇಕಿತ್ತು, ಏಕೆಂದರೆ ಅಂತಿಮ ವರದಿ ಬರುವವರೆಗೆ ದಂಪತಿಗಳು ಪಾಲಿಸಬೇಕಾದ ಎಚ್ಚರಿಕೆಗಳಿದ್ದವು. ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವ ಅವರು ಎಲ್ಲವನ್ನೂ ಕೇಳಿಸಿಕೊಂಡು, ಮಾತ್ರೆಯ ಡಬ್ಬ ತೆಗೆದುಕೊಂಡು, ಗೋಡೆಯ ಕ್ಯಾಲೆಂಡರಿನಲ್ಲಿ ಆಗಸ್ಟ್ 17ರವರೆಗೆ ಪೆನ್ಸಿಲಿನಿಂದ ಸಣ್ಣ ಸಣ್ಣ ಚುಕ್ಕೆಗಳನ್ನಿಟ್ಟರು. ನಾನು ಅಷ್ಟು ಅತ್ತದ್ದು ಆ ಚುಕ್ಕೆಗಳನ್ನು ನೋಡಿಯೇ. ಅತ್ತೆಗೂ ಮಗಳಿಗೂ ಹೇಳುವುದು ಬೇಡವೆಂದು ನಿಶ್ಚಯಿಸಿದೆವು. ಅದು ನಮ್ಮ ತಪ್ಪು ಲೆಕ್ಕ.

ಮಾತ್ರೆಯ ತೊಂದರೆಗಳನ್ನು ಹೆಚ್ಚು ವಿವರಿಸುವುದಿಲ್ಲ. ಮೊದಲ ವಾರ ಹೊಟ್ಟೆ ತೊಳಸುತ್ತಿತ್ತು, ತಲೆನೋವಿತ್ತು. ರಾತ್ರಿ ಊಟದ ನಂತರ ತೆಗೆದುಕೊಂಡರೆ ನಿದ್ದೆ ಹತ್ತುತ್ತಿರಲಿಲ್ಲ, ಹತ್ತಿದರೂ ವಿಚಿತ್ರ ಕನಸುಗಳು. ವೈದ್ಯರನ್ನು ಕೇಳಿ ಬೆಳಗಿನ ಹೊತ್ತಿಗೆ ಬದಲಿಸಿದ ಮೇಲೆ ಸುಧಾರಿಸಿತು. ನಾನು ತೆಗೆದುಕೊಳ್ಳುತ್ತಿದ್ದ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ಡೊಲುಟೆಗ್ರಾವಿರ್ ಹೀರಿಕೊಳ್ಳುವುದನ್ನು ತಡೆಯುತ್ತವೆಯಾದ್ದರಿಂದ ಇದನ್ನು ಅವಕ್ಕಿಂತ ಎರಡು ಗಂಟೆ ಮೊದಲು ನುಂಗಬೇಕಿತ್ತು. ಇದನ್ನು ಬರೆಯಲು ಕಾರಣ, ನಮ್ಮ ಸ್ಟಾಫ್ ಪೈಕಿ ಅರ್ಧಕ್ಕರ್ಧ ಹೆಂಗಸರು ರಕ್ತಹೀನತೆಗೆಂದು ಆ ಮಾತ್ರೆಗಳನ್ನು ನುಂಗುವವರೇ.

ದೇಹದ ಕಷ್ಟಕ್ಕಿಂತ ದೊಡ್ಡದಿದ್ದದ್ದು ಬೇರೆ. ಮೈಯಲ್ಲಿ ಬೆವರುಸಾಲೆ ಎದ್ದರೆ ಸೋಂಕಿನ ಮೊದಲ ಲಕ್ಷಣವೇ ಎಂದು ಕನ್ನಡಿಯ ಮುಂದೆ ಗಂಟೆಗಟ್ಟಲೆ ನಿಲ್ಲುತ್ತಿದ್ದೆ. ವಾರ್ಡಿನಲ್ಲಿ ಕ್ಯಾನುಲಾ ಹಿಡಿದರೆ ಕೈ ನಡುಗುತ್ತಿತ್ತು. ಹದಿನಾಲ್ಕು ವರ್ಷ ಸಾವಿರಾರು ಕೈಗಳಲ್ಲಿ ನಾಳ ಹುಡುಕಿದ ಬೆರಳುಗಳು ನನ್ನವಲ್ಲವೆನಿಸುತ್ತಿತ್ತು. ಒಂಬತ್ತನೆಯ ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, 14416ಕ್ಕೆ ಕರೆ ಮಾಡಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿಯದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಈ ಸಂಖ್ಯೆಯನ್ನು ನಾನೇ ಎಷ್ಟೋ ರೋಗಿಗಳ ಡಿಸ್ಚಾರ್ಜ್ ಕಾರ್ಡಿನ ಹಿಂದೆ ಬರೆದುಕೊಟ್ಟಿದ್ದೆ.

ಕನ್ನಡದಲ್ಲಿ ಮಾತನಾಡಿದ ಆ ಹೆಂಗಸು ಸೂಜಿಯ ಬಗ್ಗೆ ಹೆಚ್ಚು ಕೇಳಲಿಲ್ಲ. “ಚುಚ್ಚುವುದಕ್ಕೆ ಮೊದಲು ನೀವು ಹೇಗಿದ್ದಿರಿ?” ಎಂದು ಕೇಳಿದರು. ಉತ್ತರ ಹುಡುಕುತ್ತಾ ಹೋದಂತೆ ನನಗೇ ಆಶ್ಚರ್ಯವಾಯಿತು. ಮೇ ತಿಂಗಳಿನಿಂದಲೇ ನಾನು ಸರಿಯಿರಲಿಲ್ಲ. ಮಧ್ಯಾಹ್ನದ ಊಟವನ್ನು ನಾಲ್ಕು ಗಂಟೆಗೆ ನಿಂತುಕೊಂಡೇ ಮುಗಿಸುತ್ತಿದ್ದೆ, ರೋಗಿಯ ಕಡೆಯವರ ಪ್ರಶ್ನೆಗೆ ಮುಖ ನೋಡದೆ ಉತ್ತರಿಸುತ್ತಿದ್ದೆ, ತಿಂಗಳುಗಟ್ಟಲೆ ನೋಡಿಕೊಂಡವರು ನಡೆದುಕೊಂಡು ಮನೆಗೆ ಹೋದರೂ ಒಂದು ಹಾಸಿಗೆ ಖಾಲಿಯಾಯಿತು ಎಂಬಷ್ಟೇ ಭಾವನೆ ಉಳಿದಿತ್ತು. ಮುಗಿಯದ ದಣಿವು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಏನು ಮಾಡಿದರೂ ಸರಿಯಾಗುತ್ತಿಲ್ಲವೆಂಬ ಅನಿಸಿಕೆ, ಈ ಮೂರೂ ಸೇರಿದ್ದನ್ನೇ ಬರ್ನ್‌ಔಟ್ ಎನ್ನುವುದು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆಯೆಂದು ಕರೆದಿಲ್ಲ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿಯೆಂದು ಕರೆದಿದೆ. ಈ ವ್ಯತ್ಯಾಸ ನನಗೆ ಬಹಳ ಸಮಾಧಾನ ಕೊಟ್ಟಿತು. ‘ನನಗೇನೋ ಆಗಿದೆ’ ಎಂದುಕೊಂಡು ಒಳಗೊಳಗೇ ನಾಚುತ್ತಿದ್ದವಳಿಗೆ ‘ನನ್ನ ಕೆಲಸಕ್ಕೆ ಏನೋ ಆಗಿದೆ’ ಎಂದು ಯೋಚಿಸಲು ದಾರಿ ಸಿಕ್ಕಿತು. ತುಂಬಿದ ಡಬ್ಬವನ್ನು ಕಂಡೂ ಬದಲಿಸದೆ ಮುಂದುವರಿದವಳು ಅಜಾಗರೂಕಳಲ್ಲ, ಆ ತಿಂಗಳ ಹನ್ನೆರಡನೆಯ ನೈಟ್ ಮಾಡುತ್ತಿದ್ದವಳು.

ಆಗಸ್ಟ್ 4, ಹದಿನೈದನೆಯ ಮಾತ್ರೆಯ ದಿನ, ಆಟಿ ಅಮಾವಾಸ್ಯೆ. ತುಳುನಾಡಿನ ಮನೆಗಳಲ್ಲಿ ಅಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹಾಲೆ ಮರದ ಕೆತ್ತೆಯ ಕಷಾಯ ಕುಡಿಯುವ ಕ್ರಮವಿದೆ. ಸೂರ್ಯ ಮೂಡುವ ಮೊದಲೇ ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತಂದ ತೊಗಟೆಯನ್ನು ಕಾಳುಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ ಅರೆದು ರಸ ಹಿಂಡುತ್ತಾರೆ. ಅಷ್ಟು ಕಹಿಯ ಮೇಲೆ ಮೆಂತೆ ಗಂಜಿ. ಮಾತ್ರೆ ಮುಗಿಯುವವರೆಗೆ ಹೊಸದೇನನ್ನೂ ಹೊಟ್ಟೆಗೆ ಹಾಕಬೇಡಿ ಎಂದು ವೈದ್ಯರು ಹೇಳಿದ್ದರಿಂದ ಅತ್ತೆ ಕೊಟ್ಟ ಲೋಟವನ್ನು ಮೆಲ್ಲನೆ ಬದಿಗೆ ಸರಿಸಿದೆ. ಅವರು ಅದನ್ನು ನೋಡಿದರು. ಆದರೆ ಅವರು ಕೇಳಿದ್ದು ಕಷಾಯದ ಬಗ್ಗೆ ಅಲ್ಲ. “ಹದಿನೈದು ದಿನದಿಂದ ನಿನ್ನ ಲೋಟ ಬಟ್ಟಲು ಬೇರೆ ಇಡುತ್ತಿದ್ದಿ. ಯಾಕೆ?”

ನನಗೆ ಮಾತೇ ಹೊರಡಲಿಲ್ಲ. ಹೌದು, ನಾನು ಬೇರೆ ಇಡುತ್ತಿದ್ದೆ. ಕಪಾಟಿನ ಮೂಲೆಯಲ್ಲಿ ಒಂದು ಸ್ಟೀಲಿನ ಲೋಟ, ಒಂದು ಬಟ್ಟಲು, ನಾನೇ ತೊಳೆದು ನಾನೇ ಒರೆಸಿ. ಎಚ್.ಐ.ವಿ. ಲೋಟದಿಂದ ಹರಡುವುದಿಲ್ಲ, ಜೊತೆಯಲ್ಲಿ ಉಣ್ಣುವುದರಿಂದ ಹರಡುವುದಿಲ್ಲ ಎಂದು ಸಾವಿರ ಸಲ ಜನರಿಗೆ ಹೇಳಿದ ಬಾಯಿ ನನ್ನದು. ಸೋಂಕು ತಗಲಿದೆಯೆಂಬುದಕ್ಕೆ ಪುರಾವೆಯೂ ಇಲ್ಲದಿರುವಾಗ ನನ್ನನ್ನು ನಾನೇ ಪಂಕ್ತಿಯಿಂದ ಎಬ್ಬಿಸಿದ್ದೆ. ಅಲ್ಲಿಯೇ ಕೂತು ಎಲ್ಲ ಹೇಳಿದೆ. ಅತ್ತೆ ಹೆಚ್ಚೇನೂ ಕೇಳಲಿಲ್ಲ. ಗಂಜಿಯನ್ನು ತಮ್ಮ ಬಟ್ಟಲಿಗೆ ಬಡಿಸಿಕೊಂಡು, ಎರಡು ಚಮಚ ತಿಂದು, ಅದೇ ಬಟ್ಟಲನ್ನು ನನ್ನ ಮುಂದೆ ಸರಿಸಿ “ಉಪ್ಪು ಸಾಕಾ ನೋಡು” ಎಂದರು.

ಮರುದಿನ ರಕ್ತ ಪರೀಕ್ಷೆಗೂ ಉಳಿದ ಮಾತ್ರೆಗಳಿಗೂ ಹಂಪನಕಟ್ಟೆಯ ವೆನ್ಲಾಕ್ ಆಸ್ಪತ್ರೆಯಲ್ಲಿ ಎಚ್.ಐ.ವಿ. ಔಷಧ ಕೊಡುವ ಎ.ಆರ್.ಟಿ. ಕೇಂದ್ರಕ್ಕೆ ಹೋದೆ. 1848ರಷ್ಟು ಹಳೆಯದಾದ ಆ ಆಸ್ಪತ್ರೆಗೆ ತರಬೇತಿಯ ಕಾಲದಲ್ಲಿ ಸಮವಸ್ತ್ರ ಹಾಕಿಕೊಂಡು ಹೋಗಿದ್ದೆ, ಸೀರೆಯುಟ್ಟು ಟೋಕನ್ ಹಿಡಿದು ಹೋದದ್ದು ಅದೇ ಮೊದಲು. ಬೆಂಚಿನ ತುದಿಯಲ್ಲಿ ನನ್ನ ರೋಗಿ ಕೂತಿದ್ದರು. ನಾನು ಗುರುತು ತೋರಿಸಬಾರದೆಂದು ತಲೆ ತಗ್ಗಿಸಿದೆ. ಅವರು ಗುರುತು ಹಿಡಿದು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು. “ನನ್ನಿಂದಾಗಿ ಸಿಸ್ಟರ್” ಎಂದರು. ನಿಮ್ಮಿಂದಲ್ಲ, ಡಬ್ಬ ತುಂಬಿತ್ತು ಎಂದೆ. ಅವರಿಗೆ ಅದು ಅರ್ಥವಾಗಿರಲಿಕ್ಕಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೈಚೀಲದಿಂದ ಡಬ್ಬವೊಂದನ್ನು ತೆಗೆದು, ಇದನ್ನು ತಿಂದರೆ ರಾತ್ರಿ ನಿದ್ದೆಯೇ ಬರುವುದಿಲ್ಲ ಎಂದು ದೂರಿದರು. ಅದೇ ಮಾತ್ರೆ. ನನಗೆ ಇಪ್ಪತ್ತೆಂಟು ದಿನ, ಅವರಿಗೆ ಬದುಕಿರುವವರೆಗೆ. ಬೆಳಿಗ್ಗೆ ತೆಗೆದುಕೊಳ್ಳಬಹುದೇ ಎಂದು ಒಳಗೆ ವೈದ್ಯರನ್ನು ಕೇಳಿ, ನನಗೆ ಅದರಿಂದ ಗುಣವಾಯಿತು ಎಂದೆ. ಆ ಎರಡು ನಿಮಿಷಗಳಲ್ಲಿ ಮೂರು ತಿಂಗಳ ನಂತರ ಮೊದಲ ಬಾರಿಗೆ ನಾನು ನರ್ಸ್ ಆಗಿ ಮಾತನಾಡುತ್ತಿದ್ದೇನೆಂದು ಅನ್ನಿಸಿತು.

ವಾರ್ಡಿನಲ್ಲಿಯೂ ಸಂಗತಿಯನ್ನು ನಾನೇ ಹೇಳಿದೆ. ರೋಗಿಯ ವಿಷಯವನ್ನಲ್ಲ, ಚುಚ್ಚಿದ್ದನ್ನು, ಮಾತ್ರೆ ನುಂಗುತ್ತಿರುವುದನ್ನು. ಆ ವಾರದೊಳಗೆ ನಾಲ್ವರು, ಬೇರೆ ಬೇರೆಯಾಗಿ, ಲಿಫ್ಟಿನ ಬಳಿಯೋ ಟೀ ಕುಡಿಯುವಾಗಲೋ ತಮಗೂ ಹಿಂದೊಮ್ಮೆ ಚುಚ್ಚಿತ್ತು ಎಂದು ಹೇಳಿಕೊಂಡರು. ಅವರಲ್ಲಿ ನಮೂನೆ ತುಂಬಿದ್ದವಳು ಒಬ್ಬಳೇ. ಹಿರಿಯ ಸಿಸ್ಟರ್ ಒಬ್ಬರು ನನ್ನ ಕೈ ನಡುಗುವುದನ್ನು ಗಮನಿಸಿ, ಒಂದು ವಾರ ನಾನು ಐ.ವಿ. ಹಾಕುವಾಗಲೆಲ್ಲ ಏನೂ ಮಾತನಾಡದೆ ಪಕ್ಕದಲ್ಲಿ ಬಂದು ನಿಂತರು. ನಾಳ ಉಬ್ಬಲೆಂದು ತೋಳಿಗೆ ಟೂರ್ನಿಕೆ ಪಟ್ಟಿ ಕಟ್ಟುವ ಮೊದಲು ಡಬ್ಬ ನೋಡುವುದು, ಪ್ಲಾಸ್ಟರ್ ಕತ್ತರಿಸಿಟ್ಟುಕೊಳ್ಳುವುದು, ಆಮೇಲೆ ಸೂಜಿ ಮುಟ್ಟುವುದು ಎಂಬ ಕ್ರಮ ಮತ್ತೆ ಕೈಗೆ ಹತ್ತಿದ ಮೇಲೆ ಅವರು ಬರುವುದನ್ನು ನಿಲ್ಲಿಸಿದರು.

ಇಪ್ಪತ್ತೆಂಟನೆಯ ಮಾತ್ರೆಯನ್ನು ನುಂಗಿದ ಆಗಸ್ಟ್ 17ರಂದು ದೇಶದಾದ್ಯಂತ ವೈದ್ಯರು ಹೊರರೋಗಿ ಸೇವೆ ನಿಲ್ಲಿಸಿದ್ದರು. ಕೋಲ್ಕತ್ತದ ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದ ಯುವ ವೈದ್ಯೆಯ ಹತ್ಯೆಯಾಗಿ ಎಂಟು ದಿನವಾಗಿತ್ತು. ನೈಟ್ ಡ್ಯೂಟಿಯ ಹುಡುಗಿಯರು ಇಬ್ಬಿಬ್ಬರಾಗಿ ಶೌಚಾಲಯಕ್ಕೆ ಹೋಗುತ್ತಿದ್ದ ಆ ದಿನಗಳಲ್ಲಿ ನನ್ನ ಕ್ಯಾಲೆಂಡರಿನ ಕೊನೆಯ ಚುಕ್ಕೆಯನ್ನು ಸಂಭ್ರಮಿಸುವ ಮನಸ್ಸು ಯಾರಿಗೂ ಇರಲಿಲ್ಲ, ನನಗೂ.

ಆರು ವಾರದ ವರದಿ ನೆಗೆಟಿವ್. ಮೂರು ತಿಂಗಳಿನದ್ದು, ದಸರೆಯ ಗದ್ದಲ ಮುಗಿದ ಮೇಲೆ, ನೆಗೆಟಿವ್. 2025ರ ಜನವರಿ 21ರ ಕೊನೆಯ ವರದಿಯೂ ನೆಗೆಟಿವ್. ವಾರ್ಡಿನಲ್ಲಿ ಏನು ಬದಲಾಯಿತು ಎಂದು ಕೇಳಿದರೆ ಹೆಚ್ಚು ಹೇಳಲಾರೆ. ಬಿಳಿ ಡಬ್ಬಗಳ ಮೇಲೆ ಮುಕ್ಕಾಲು ಎತ್ತರಕ್ಕೆ ಕೆಂಪು ಗೆರೆ ಬಂತು, ಶಿಫ್ಟ್ ಬದಲಾಗುವಾಗ ಹ್ಯಾಂಡೋವರ್ ಪುಸ್ತಕದಲ್ಲಿ ಡಬ್ಬದ ಸ್ಥಿತಿಯನ್ನೂ ಬರೆಯುತ್ತೇವೆ. ಎಳೆದೊಡನೆ ಸೂಜಿಯ ಮೊನೆ ತಾನೇ ಮುಚ್ಚಿಕೊಳ್ಳುವ ಸೇಫ್ಟಿ ಕ್ಯಾನುಲಾಗಳನ್ನು ಎಲ್ಲ ವಾರ್ಡುಗಳಿಗೂ ಕೇಳಿದೆವು, ಕ್ಯಾಶುವಾಲ್ಟಿಗೆ ಮಾತ್ರ ಕೊಟ್ಟರು. ನೈಟ್‌ಗೆ ಈಗಲೂ ಮೂವರೇ.

ಫೆಬ್ರವರಿಯ ಒಂದು ಬೆಳಗಿನ ಜಾವ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನಲ್ಲಿಯ ಮುಂದೆ ಬೆರಳು ಹಿಂಡುತ್ತಾ ನಿಂತದ್ದನ್ನು ಕಂಡೆ. ಹಿಂಡಬೇಡ ಎಂದು ಕೈ ಬಿಡಿಸಿದೆ. “ಅಕ್ಕ, ಬರೆಯಲೇಬೇಕಾ? ಬರುವ ತಿಂಗಳು ನನ್ನ ಗಲ್ಫ್ ಮೆಡಿಕಲ್” ಎಂದಳು. ಇವತ್ತಿನ ನಿನ್ನ ರಕ್ತ ನೆಗೆಟಿವ್ ಎಂದು ಕಾಗದದ ಮೇಲೆ ಇಲ್ಲದಿದ್ದರೆ, ನಾಳೆ ಏನಾದರೂ ಆದಾಗ ಅದು ಕೆಲಸದಲ್ಲಿ ಆದದ್ದು ಎಂದು ತೋರಿಸಲು ನಿನ್ನ ಬಳಿ ಏನೂ ಇರುವುದಿಲ್ಲ ಎಂದು ಹೇಳಿದೆ. ಅವಳು ಸೋಪು ಹಚ್ಚಿಕೊಂಡು ತೊಳೆಯುತ್ತಿರುವಾಗಲೇ ನಮೂನೆ ತಂದೆ. ಗೋಡೆ ಗಡಿಯಾರದಲ್ಲಿ 5 ಗಂಟೆ 10 ನಿಮಿಷ. ಚುಚ್ಚಿ ಎಷ್ಟು ಹೊತ್ತಾಯಿತು ಎಂದು ಕೇಳಿದೆ. ಐದು ನಿಮಿಷ ಎಂದಳು. ಮೊದಲ ಅಂಕಣವನ್ನು ನಾನೇ ತುಂಬಿ, ಹೆಸರು ಬರೆಯಲು ಪೆನ್ನನ್ನು ಅವಳ ಒದ್ದೆ ಕೈಗೆ ಕೊಟ್ಟೆ.